ಸಾಹೇಬರ ಇಪ್ಪತ್ತೆಂಟು ಹಲ್ಲುಗಳನ್ನು ಉಳಿಸಿಕೊಡುವ ಬಗ್ಗೆ

ಇಂದ:
ಸಾಹೇಬರ ಅಕ್ಕ (ಮನೆಯಲ್ಲಿ ಎಲ್ಲರೂ ಆಕೆಯ ತಮ್ಮನನ್ನು ಕರೆಯುವುದೇ "ಸಾಹೇಬರು" ಎಂದು),
ಹೊಲಿಗೆ ಅಂಗಡಿ, ಮೊದಲ ಮಹಡಿ.

ಗೆ:
ದಂತವೈದ್ಯರು,
ಆಸ್ಪತ್ರೆಯ ಕೊಠಡಿ ಸಂಖ್ಯೆ ನಾಲ್ಕು.

ವಿಷಯ: ಸಾಹೇಬರಿಗೆ ಪ್ರಜ್ಞೆ ತಪ್ಪಿಸಿ ಹಲ್ಲನ್ನೆಲ್ಲ ಕೀಳುವ ತೀರ್ಮಾನವನ್ನು ಕೈಬಿಡುವ ಕುರಿತು.

ಉಲ್ಲೇಖ: ಕಳೆದ ಮಂಗಳವಾರ ತಾವು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದ "ರೋಗಿ ಸಹಕರಿಸುವುದಿಲ್ಲ" ಎಂಬ ಷರಾ.

ಡಾಕ್ಟರಮ್ಮನವರೇ,

ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸಾಹೇಬರಿಗೆ ಮೂವತ್ತೊಂದು ವರ್ಷ. ಹುಟ್ಟಿನಿಂದ ಮಾತು, ಕಲಿಕೆ ಎರಡೂ ನಿಧಾನ; ಹಟ ಮಾತ್ರ ಬಲು ಚುರುಕು. ಚಿಕ್ಕಂದಿನಲ್ಲಿ ಕಹಿ ಔಷಧಿ ಕುಡಿಸಲು ಅಮ್ಮ ಮನೆಮಂದಿಗೆಲ್ಲ ಒಂದೊಂದು ಚಮಚ ಕುಡಿಸಿ ತೋರಿಸುತ್ತಿದ್ದರು. ಅಂದಿನಿಂದ ಉಗುರು ಕತ್ತರಿಸುವುದಾಗಲಿ, ಸೂಜಿ ಚುಚ್ಚಿಸಿಕೊಳ್ಳುವುದಾಗಲಿ, ಸಾಹೇಬರದು ಒಂದೇ ಕಾನೂನು: "ಇಲ್ಲಿರೋರೆಲ್ಲ ಮೊದ್ಲು. ಆಮೇಲೆ ನಾನು."

೨. ಅವರ ಒಂದು ದವಡೆಹಲ್ಲು ನೋಯುತ್ತಿದ್ದ ಕಾರಣ ತಮ್ಮಲ್ಲಿಗೆ ಕರೆತರಲಾಯಿತು. ತಾವು "ಎಲ್ಲಿ, ಆ ಅನ್ನಪ್ಪಾ" ಎಂದಿರಿ. ಸಾಹೇಬರು ಅಕ್ಕನತ್ತ ಬೆರಳು ತೋರಿಸಿದರು. ಆದ್ದರಿಂದ ಅರ್ಜಿದಾರಳು ಕುರ್ಚಿ ಹತ್ತಿದಳು. "ಅಯ್ಯೋ, ನಿಮ್ದೇ ಎರಡು ಹುಳುಕಾಗಿದ್ಯಲ್ರೀ!" ಎಂದು ತಾವು ಸಿಮೆಂಟು ತುಂಬುವಷ್ಟರಲ್ಲಿ ಕೊಠಡಿ ಮುಚ್ಚುವ ಹೊತ್ತಾಯಿತು.

೩. ಎರಡನೇ ಸಲ ಅಮ್ಮ. ಮೂರನೇ ಸಲ, ಬರೀ ಜೊತೆಗೆಂದು ಬಂದಿದ್ದ ಸಾಹೇಬರ ಭಾವ. ಪಾಪ, ಅವರು ಹಲ್ಲೊಂದನ್ನು ಕಳೆದುಕೊಂಡು ಮನೆಗೆ ಹೋದರು. ಅಷ್ಟೂ ಹೊತ್ತು ಟಾರ್ಚು ಹಿಡಿದು, ಒಬ್ಬೊಬ್ಬರ ಬಾಯೊಳಗೂ ಇಣುಕಿ, "ಛೀ ಛೀ, ಉಜ್ಜಲ್ವಾ?" ಎಂದು ಗದರಿಸುತ್ತಿದ್ದವರು ಸಾಹೇಬರೇ. ಇದು ಸಹಕಾರವಲ್ಲವೆಂದರೆ ಇನ್ನಾವುದು ಸಹಕಾರ?

೪. ಕಳೆದ ಮಂಗಳವಾರ ಕೊಠಡಿಯಲ್ಲಿ ಇನ್ನೂ ಬಾಯಿ ತೋರಿಸದೆ ಉಳಿದಿದ್ದವರು ತಾವೊಬ್ಬರೇ. ಸಾಹೇಬರು ತಮ್ಮತ್ತ ಬೆರಳು ತೋರಿಸಿದರು. "ನಂಗ್ಯಾಕಪ್ಪಾ? ನಾನು ಡಾಕ್ಟರು!" ಎಂದು ನಕ್ಕಿರಿ. ಸಾಹೇಬರು ತುಟಿ ಬಿಗಿದರು. ತಾವು ಅರ್ಜಿದಾರಳಿಗೆ, "ಒಂದೇ ಸಲ ಎಲ್ಲಾ ತೆಗೆದುಬಿಟ್ರೆ ಮುಂದೆ ನಿಮಗೂ ಕಾಟ ಇರಲ್ಲ" ಎಂದಿರಿ.

೫. ಅರ್ಜಿದಾರಳಿಗೆ ಮೈಯೆಲ್ಲ ಉರಿದುಹೋಯಿತು. ಆಕೆಯ ಎರಡು ಹುಳುಕಿಗೆ ಸಿಮೆಂಟು ತುಂಬಿದ ತಾವು, ಇವರ ಒಂದು ಹಲ್ಲಿನ ನೋವಿಗೆ ಬಾಯನ್ನೇ ಬೋಳು ಮಾಡಹೊರಟಿದ್ದೀರಿ. ಸಾಹೇಬರಿಗೆ ಸೇಬನ್ನು ಕರಂ ಎಂದು ಕಚ್ಚುವುದೆಂದರೆ ಪ್ರಾಣ. ಹೋಳು ಮಾಡಿ ಕೊಟ್ಟರೆ ತಟ್ಟೆಯನ್ನೇ ಎಸೆಯುತ್ತಾರೆ.

ಆದ್ದರಿಂದ, ಬರುವ ಮಂಗಳವಾರ ತಾವು ಮುಖಗವಸು ತೆಗೆದು, ಎರಡೇ ನಿಮಿಷ ಆ ಕುರ್ಚಿಯಲ್ಲಿ ಒರಗಿ "ಆ" ಎನ್ನಬೇಕಾಗಿ ಕೋರಿಕೆ. ಆಮೇಲೆ ಸಾಹೇಬರ ಸರದಿ. ಕೊಟ್ಟ ಮಾತಿಗೆ ಅವರು ಈವರೆಗೆ ತಪ್ಪಿದ್ದೇ ಇಲ್ಲ.

ರಿಪೇರಿಯಾದ ಹಲ್ಲು ಕಿರಿದು ನಮಸ್ಕರಿಸುವ
ತಮ್ಮ ವಿಶ್ವಾಸಿ,
ಸಾಹೇಬರ ಅಕ್ಕ

ಲಗತ್ತುಗಳು:
೧. "ಆಮೇಲೆ ನಾನು" ಎಂಬುದಕ್ಕೆ ಸಾಹೇಬರ ಹೆಬ್ಬೆಟ್ಟು.
೨. ಭಾವನ ಕಿತ್ತ ಹಲ್ಲು, ಒಂದು. (ನೋಡಿ ಹಿಂದಿರುಗಿಸುವುದು. ಸಾಹೇಬರು ಇನ್ನೂ ಪಕ್ಕದ ಮನೆಯವರಿಗೆ ತೋರಿಸಿಲ್ಲ.)

ವಿಶೇಷ ಸೂಚನೆ: ಮನೆಗೆ ಬಂದ ಮೇಲೆ ಸಾಹೇಬರು, "ಡಾಕ್ಟರ್‌ಗೆ ಭಯಾನಾ ಅಕ್ಕಾ?" ಎಂದು ಕೇಳಿದರು. ಹಾಗೇನಾದರೂ ಇದ್ದಲ್ಲಿ ಸಂಕೋಚಪಡದೆ ತಿಳಿಸತಕ್ಕದ್ದು. ಟಾರ್ಚು ಹಿಡಿಯಲು ಅವರಿಗೆ ಒಂದು ಕೈ ಸಾಕು. ಇನ್ನೊಂದರಿಂದ ತಮ್ಮ ಕೈ ಹಿಡಿದುಕೊಳ್ಳುವರು.