ತಮ್ಮ ಪಟ್ಟಿಯಿಂದ ಅಪ್ಪನನ್ನು ಕೈಬಿಡುವ ಕುರಿತು

ದೇಶದೇಶಗಳ ಹದಿಹರೆಯದವರು ಯಾಕೆ ಕುಡಿಯುತ್ತಾರೆಂದು ಅಳೆದು ತೂಗಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಸಮಿತಿಯ ಘನ ಸದಸ್ಯರೂ ಕ್ಷೇಮವಾಗಿದ್ದೀರೆಂದು ನಂಬಿ, ಒಬ್ಬ ಸಾಮಾನ್ಯ ದರ್ಜಿಯಾದ ನಾನು ತುಂಬು ಗೌರವದಿಂದ ಈ ದೂರನ್ನು ಸಲ್ಲಿಸುತ್ತಿದ್ದೇನೆ. ನನ್ನ ಅಕ್ಷರ ನನಗೇ ಓದಲು ಬಾರದ ಕಾರಣ, ನಾನು ಹೇಳುತ್ತಾ ಹೋದದ್ದನ್ನು ಹದಿನೈದು ವರ್ಷದ ನನ್ನ ಮಗಳು ದುಂಡಗೆ ಬರೆದುಕೊಡುತ್ತಿದ್ದಾಳೆ.

ಹೋದ ವಾರ ಅವಳ ಶಾಲೆಯ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ತಮ್ಮ ಸಮಿತಿ ಹೊರಡಿಸಿದ ವರದಿಯನ್ನು ಓದಿ ಹೇಳಿದರು. ಬಾಟಲಿಯ ಬೆಲೆ ಏರಿಸಿದ ದೇಶದಲ್ಲಿ ಮಕ್ಕಳು ಕಡಿಮೆ ಕುಡಿಯುತ್ತಾರಂತೆ, ಶಾಲೆಯ ಪಕ್ಕದಲ್ಲೇ ಅಂಗಡಿ ಇಟ್ಟ ದೇಶದಲ್ಲಿ ಹೆಚ್ಚಂತೆ, ಆಟದ ಮೈದಾನದ ಸುತ್ತ ಬಿಯರಿನ ಜಾಹೀರಾತು ಕಟ್ಟಿದಲ್ಲಿ ಇನ್ನೂ ಹೆಚ್ಚಂತೆ. ಅಲ್ಲಿಯವರೆಗೆ ನಾನು ತಲೆದೂಗುತ್ತಲೇ ಇದ್ದೆ. ಸರ್ಕಾರವನ್ನು ಬೈಯುವ ವರದಿ ಯಾರಿಗೆ ತಾನೇ ಇಷ್ಟವಾಗುವುದಿಲ್ಲ? ಆದರೆ ಅಷ್ಟಕ್ಕೇ ಬಿಡದೆ, ಚಳಿಯ ದೇಶವಿರಲಿ ಸೆಕೆಯ ದೇಶವಿರಲಿ, ಎಲ್ಲ ಕಡೆಯೂ ಮಕ್ಕಳ ಎದುರು ಕುಡಿಯುವ ಅಪ್ಪನೇ ಪಟ್ಟಿಯ ಮೇಲ್ತುದಿಯಲ್ಲಿದ್ದಾನೆಂದು ಓದಿ, ಆ ಮಹಾತಾಯಿ ಕನ್ನಡಕದ ಮೇಲಿಂದ ನೇರವಾಗಿ ನನ್ನನ್ನೇ ನೋಡಿದರು. ಹೊರಗೆ ಬಂದು ವಿಚಾರಿಸಿದರೆ, ಅಲ್ಲಿದ್ದ ಒಬ್ಬೊಬ್ಬ ಅಪ್ಪನೂ ಆಕೆ ನೋಡಿದ್ದು ತನ್ನನ್ನೇ ಎಂದು ಗೊಣಗುತ್ತಿದ್ದ.

ಮಾನ್ಯರೇ, ತಾವು ಒಮ್ಮೆ ನಮ್ಮ ಮನೆಗೆ ಬಂದು ನೋಡಬೇಕು. ನಾನು ಕದ್ದುಮುಚ್ಚಿ ಕುಡಿಯುವವನಲ್ಲ. ಸಂಜೆ ಅಂಗಡಿಯ ಬಾಗಿಲೆಳೆದು ಬಂದು, ಕೈಕಾಲು ತೊಳೆದು, ಹೆಂಡತಿ ಮಗಳ ಎದುರಿಗೇ ಟಿವಿಯ ಮುಂದೆ ಕೂತು ಸಂಸಾರಸ್ಥನಾಗಿ ಕುಡಿಯುತ್ತೇನೆ. ಮಗಳು ಫ್ರಿಜ್ಜಿನಿಂದ ಐಸ್ ತಂದು, ಗ್ಲಾಸಿಗೆ ಎರಡು ಬೆರಳಿನಷ್ಟು ಸುರಿದು, ನೀರು ಬೆರೆಸಿ ಕೊಡುತ್ತಾಳೆ; ಅಳತೆಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗುವುದಿಲ್ಲ, ದರ್ಜಿಯ ಮಗಳಲ್ಲವೇ. ನನ್ನ ತಮ್ಮ ಬಂದಾಗಲೆಲ್ಲ "ನಿನ್ನ ಮಗಳ ಕೈಗುಣಾನೇ ಬೇರೆ ಬಿಡಣ್ಣ" ಎಂದು ಕೊಂಡಾಡುತ್ತಾನೆ. ಹೆಂಡತಿ ಮಾತ್ರ "ಮಗು ಕೈಲಿ ಇದನ್ನೆಲ್ಲ ಮಾಡಿಸ್ಬೇಡಿ ಅಂತ ಎಷ್ಟು ಸಲ ಹೇಳ್ಲಿ" ಎನ್ನುತ್ತಿರುತ್ತಾಳೆ. ಅವಳ ಕೈಗೆ ತಮ್ಮ ವರದಿ ಸಿಗದಂತೆ ದಯವಿಟ್ಟು ನೋಡಿಕೊಳ್ಳಿ.

ಇನ್ನು ಸಾಕ್ಷಿಯೇ ಬೇಕೆಂದರೆ, ತಮ್ಮವರು ಶಾಲೆಯಲ್ಲಿ ಹಂಚಿದ ಪ್ರಶ್ನಾವಳಿಯಲ್ಲಿ "ಎಂದಾದರೂ ಕುಡಿದಿದ್ದೀಯಾ" ಎಂಬಲ್ಲಿ ನನ್ನ ಮಗಳು "ಇಲ್ಲ" ಎಂದು ಗುರುತು ಹಾಕಿದ್ದಾಳೆ. ಅವಳೇ ನನಗೆ ಹೇಳಿದ್ದು. ಒಂದೇ ಮನೆಯಲ್ಲಿ ಇಂಥ ಅಪ್ಪನೂ ಅಂಥ "ಇಲ್ಲ"ವೂ ಇರುವಾಗ, ತಮ್ಮ ವರದಿ ಅಲ್ಲಿಗೇ ಮಗುಚಿ ಬಿದ್ದಂತಾಯಿತು.

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ಮೊದಲನೆಯದಾಗಿ, ವರದಿಯಲ್ಲಿ "ಅಪ್ಪ" ಎಂದಿರುವಲ್ಲೆಲ್ಲ "ಚಿಕ್ಕಪ್ಪ" ಎಂದು ತಿದ್ದುವುದು. ನನ್ನ ತಮ್ಮ ಏನನ್ನೂ ಓದುವವನಲ್ಲವಾದ್ದರಿಂದ ಅವನಿಂದ ಆಕ್ಷೇಪಣೆ ಬರಲಾರದು. ಅದಾಗದಿದ್ದರೆ ಹವಾಮಾನವನ್ನು ಪಟ್ಟಿಯ ಮೇಲಕ್ಕೇರಿಸಿ ಅಪ್ಪನನ್ನು ಅಡಿಟಿಪ್ಪಣಿಗೆ ಇಳಿಸುವುದು. ಅದೂ ಆಗದಿದ್ದರೆ, ಅಪ್ಪಂದಿರ ಸುದ್ದಿಗೇ ಹೋಗದ ದೇಶ ಯಾವುದೆಂದು ತಿಳಿಸಿ, ನನ್ನನ್ನೂ ನನ್ನ ಹೊಲಿಗೆ ಯಂತ್ರವನ್ನೂ ಅಲ್ಲಿಗೆ ಸಾಗಿಸುವ ಏರ್ಪಾಡು ಮಾಡುವುದು. ಇಡೀ ಲೋಕವನ್ನು ಅಳೆದ ಸಮಿತಿಗೆ ಇದೇನೂ ಭಾರವಾಗಲಾರದು.

ಮಗಳು ಬರೆದದ್ದನ್ನು ಮತ್ತೆ ಓದಿ ನೋಡುವ ಅಭ್ಯಾಸ ನನಗಿಲ್ಲ. ಕಣ್ಣುಮುಚ್ಚಿ ಸಹಿ ಹಾಕುವಷ್ಟು ನಂಬಿಕೆ ಅವಳ ಮೇಲಿದೆ.

ತಮ್ಮ ವಿಶ್ವಾಸಿ,
ಪಟ್ಟಿಯಲ್ಲಿ ಇರಬಾರದಿದ್ದ ಒಬ್ಬ ಅಪ್ಪ

ಮರೆತ ಮಾತು: ಸಹಿ ಹಾಕಿ ಅಪ್ಪ ಟಿವಿಯ ಮುಂದೆ ಹೋದರು, ಇದು ಅವರು ಬರೆಸಿದ್ದಲ್ಲ. ನಾನು "ಇಲ್ಲ" ಎಂದು ಗುರುತು ಹಾಕಿದ್ದು ಸುಳ್ಳು, ದಯವಿಟ್ಟು ತಿದ್ದಿಕೊಳ್ಳಿ. ಮೊದಮೊದಲು ಅಳತೆ ಸರಿಯಿದೆಯೇ ಎಂದು ರುಚಿ ನೋಡುತ್ತಿದ್ದೆ. ಈಗ ಅಪ್ಪನಿಗೆ ನಿದ್ದೆ ಹತ್ತಿದ ಮೇಲೆ, ಗ್ಲಾಸು ತೊಳೆಯುವುದಕ್ಕೆ ಮುಂಚೆ, ನನಗೂ ಎರಡು ಬೆರಳಿನಷ್ಟು ಸುರಿದುಕೊಳ್ಳುತ್ತೇನೆ. ಬಾಟಲಿ ಇಳಿದದ್ದು ಕಂಡಾಗಲೆಲ್ಲ ಅಪ್ಪ ಚಿಕ್ಕಪ್ಪನ ಮೇಲೆ ಅನುಮಾನ ಪಡುತ್ತಾರೆ, ಆದ್ದರಿಂದ ಮೊದಲನೆಯ ಬೇಡಿಕೆಯನ್ನು ಈಡೇರಿಸಬೇಡಿ. ವರದಿಯ ಒಂದು ಪ್ರತಿಯನ್ನು ಅಮ್ಮನ ಹೆಸರಿಗೆ ಕಳುಹಿಸಿಕೊಡಿ.