ಅಮ್ಮನ ಹಾಡಿಗೆ ಬಿದ್ದ ಬೀಗ

ತಮಿಳುನಾಡಿನ ಕಂಬಂ ಬಸ್‌ಸ್ಟ್ಯಾಂಡ್ ಪಕ್ಕ ಇಪ್ಪತ್ತು ವರ್ಷದಿಂದ ಬ್ರೌಸಿಂಗ್ ಸೆಂಟರ್ ಇಟ್ಟುಕೊಂಡಿದ್ದೇನೆ. ಬ್ರೌಸರ್ ಆಗದು ಅನ್ನುವುದು, ಬಂದವರು ಅದರ ಜೊತೆ ಜಗಳಕ್ಕೆ ನಿಲ್ಲುವುದು, ನಡುವೆ ನಾನು ಬೈಸಿಕೊಳ್ಳುವುದು ಇಲ್ಲಿ ದಿನಾ ಇದ್ದದ್ದೇ.

೧. ಮಂಡಿ

ಟೊಮೆಟೊ ಬೆಳೆಯುವ ಹಿರಿಯರೊಬ್ಬರು ತರಕಾರಿ ಮಂಡಿಯ ದರ ನೋಡಲು ಬಂದರು. ಪರದೆ ಕೆಂಪಾಗಿ, 'ಈ ತಾಣ ಸುರಕ್ಷಿತವಲ್ಲ, ಹಿಂದಿರುಗಿ' ಎಂದಿತು. ಓದಿ ಹೇಳಿದೆ.

"ಮೂವತ್ತು ವರ್ಷ ಆ ಮಂಡಿಗೆ ಹೋಗಿ ಬಂದವ್ನು ನಾನು. ಇದಕ್ಕೆ ಇವತ್ತಾ ಗೊತ್ತಾಯ್ತು?" ಅಂದರು.

೨. ಬೀಗ

ಆಮೇಲೆ ನನ್ನ ಸರದಿ. ಅಮ್ಮ ಹೋಗಿ ಆರು ವರ್ಷ. ಅರಿಶಿನ ಕುಟ್ಟುತ್ತಾ ಅವಳು ಹೇಳುತ್ತಿದ್ದ ಮದುವೆ ಹಾಡನ್ನು ದಿಂಡಿಗಲ್ಲಿನ ಸಂಬಂಧಿಕನೊಬ್ಬ ಫೋನಿನಲ್ಲಿ ಹಿಡಿದು ಒಂದು ವಿಡಿಯೊ ತಾಣಕ್ಕೆ ಏರಿಸಿದ್ದ. ಅವನ ಫೋನ್ ಬಾವಿಗೆ ಬಿತ್ತು. ತಾಣದವರು ಕಳ್ಳರ ಭಯಕ್ಕೆ ಎಲ್ಲ ವಿಡಿಯೊಗಳಿಗೂ ಬೀಗ ಹಾಕಿದರು. ಬೀಗದ ಕೈ ಇರುವುದು ಎಲ್ಲರೂ ಬಳಸುವ ಆ ದೊಡ್ಡ ಬ್ರೌಸರಿನಲ್ಲಿ. ಕೇಳಬಹುದು, ಇಳಿಸಿಕೊಳ್ಳುವಂತಿಲ್ಲ.

ಮಗಳ ಮದುವೆ ಬೆಟ್ಟದ ಬುಡದ ನಮ್ಮ ಊರಿನಲ್ಲಿ. ಅಲ್ಲಿ ಸಿಗ್ನಲ್ ಇಲ್ಲ. ಅಮ್ಮನ ದನಿ ಇಲ್ಲದೆ ಅರಿಶಿನ ಕುಟ್ಟಿಸಲು ನನಗೆ ಮನಸ್ಸೇ ಬರಲಿಲ್ಲ. ಜಾಣತನ ಮಾಡಿ ಪರದೆಯನ್ನೇ ರೆಕಾರ್ಡ್ ಮಾಡಿ ಚಿಕ್ಕಮ್ಮನಿಗೆ ತೋರಿಸಿದೆ. ಬ್ರೌಸರ್ ಅದನ್ನೂ ತಡೆದಿತ್ತು. ಮೂರು ನಿಮಿಷ ಬರೀ ಕಪ್ಪು, ಉಸಿರಿಲ್ಲ.

ಚಿಕ್ಕಮ್ಮ ಕೊನೆಯವರೆಗೂ ನೋಡಿದರು. "ಆಮಾ, ಹೌದು, ಅಕ್ಕನಿಗೆ ಕೋಪ ಬಂದ್ರೆ ಇಂಗೇ ಇರ್ತಿದ್ಲು," ಅಂದರು.

೩. ಕೋಳಿ

ಅರಿಶಿನದ ದಿನ ಚಿಕ್ಕಮ್ಮ ಒನಕೆ ಹಿಡಿದರು. "ನಾನು ಹೇಳ್ತೀನಿ, ಸುಮ್ನೆ ಕೂತ್ಕೋ," ಅಂದರು. ಕಂಬಂ ಮನೆಯಲ್ಲಿ ದಿನಾ ಸಂಜೆ ಆ ವಿಡಿಯೊವನ್ನೇ ಕೇಳುತ್ತಿದ್ದರಂತೆ. ನಮ್ಮಲ್ಲಿ ಒಬ್ಬರು ಸಾಲು ಹೇಳಿದರೆ ಸುತ್ತ ಕೂತವರು ಅದನ್ನೇ ತಿರುಗಿ ಹೇಳಬೇಕು. ಕನ್ನಡ ತಿಳಿದರೂ ತಮಿಳೇ ಆಡುವ ನಮ್ಮ ಹುಡುಗಿಯರೂ ದನಿಗೂಡಿಸಿದರು. ಚಿಕ್ಕಮ್ಮನದು ಅಮ್ಮನದೇ ಎಳೆತ, ಅಮ್ಮ ಕೆಮ್ಮಿದಲ್ಲೇ ಕೆಮ್ಮು.

ನಾಲ್ಕನೇ ಸಾಲಿಗೆ ಚಿಕ್ಕಮ್ಮ ಅದೇ ರಾಗದಲ್ಲಿ, "ಲೇ ಮಗನೇ, ಆ ಕೋಳೀನ ಓಡ್ಸು," ಅಂದರು.

ವಿಡಿಯೊ ಹಿಡಿದ ದಿನ ಅರಿಶಿನಕ್ಕೆ ಬಾಯಿ ಹಾಕಿದ ಕೋಳಿಯನ್ನು ನೋಡಿ ಅಮ್ಮ ನನ್ನನ್ನು ಗದರಿದ ಮಾತು ಅದು. ಹುಡುಗಿಯರು ಒಂದಕ್ಷರ ಬಿಡದೆ ತಿರುಗಿ ಹೇಳಿದರು: "ಲೇ ಮಗನೇ, ಆ ಕೋಳೀನ ಓಡ್ಸು."

ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು. ಅಂಗಳದಲ್ಲಿ ಒಂದು ಕೋಳಿಯೂ ಇರಲಿಲ್ಲ. ಓಡಿಸಲು ನಾನು ಆಗಲೇ ಎದ್ದು ನಿಂತಿದ್ದೆ.