ಹೊಸಿಲಾಚೆ ನಿಂತ ರಾಜಕುಮಾರಿ

ಕತೆಪುಸ್ತಕದ ಹುಚ್ಚು ಹಿಡಿದವನನ್ನು ಫಜೀತಿಗಳು ತಾವೇ ಹುಡುಕಿಕೊಂಡು ಬರುತ್ತವೆ, ವಿಳಾಸ ಕೊಡಬೇಕಾಗಿಲ್ಲ. ಐವತ್ತರ ದಶಕದಲ್ಲಿ ನಾನು ಚಾಮರಾಜನಗರದಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಆಗ ಕಾದಂಬರಿಕಾರರೊಬ್ಬರು ಒಂದೇ ಮಾಯಾಲೋಕದ ಕತೆಯನ್ನು ವಾರಕ್ಕೊಂದರಂತೆ ಭಾಗದ ಮೇಲೆ ಭಾಗ ಬರೆಯುತ್ತಿದ್ದರು. ಮಾಂತ್ರಿಕನೊಬ್ಬ ರಾಜಕುಮಾರನನ್ನು ಕಲ್ಲು ಮಾಡಿಬಿಟ್ಟಿದ್ದಾನೆ. ಅವನ ಹೆಂಡತಿ ಹಾರುವ ಕುದುರೆ ಏರಿ ಗಂಡನನ್ನು ಹುಡುಕುತ್ತಾ ದೇಶ ದೇಶ ಅಲೆಯುತ್ತಾಳೆ. ಇನ್ನೇನು ಸಿಕ್ಕಿದ ಅನ್ನುವಷ್ಟರಲ್ಲಿ ಭಾಗ ಮುಗಿದುಹೋಗುತ್ತಿತ್ತು. ಮುಂದಿನದು ಮೈಸೂರಿನಿಂದ ರೈಲಿನಲ್ಲಿ ಬರುವವರೆಗೆ ನಾನು ಸ್ಟೇಷನ್ ಕಡೆಗೇ ಕತ್ತು ಚಾಚಿಕೊಂಡು ಬದುಕುತ್ತಿದ್ದೆ.

ಹೆಣ್ಣು ನೋಡಲು ಹೋದದ್ದು

ಗುಂಡ್ಲುಪೇಟೆಗೆ ಹೆಣ್ಣು ನೋಡಲು ಹೋದೆವು. ಈರುಳ್ಳಿ ವ್ಯಾಪಾರಿಯ ಮಗಳು. ಉಪ್ಪಿಟ್ಟಿನ ತಟ್ಟೆ ಇಟ್ಟು, ತಲೆ ತಗ್ಗಿಸಿ ಕೂತಳು. "ಏನಾರ ಕೇಳ್ಲಾ, ಮೂಗನಂಗೆ ಕುಂತಿದ್ದೀಯಲ್ಲ" ಅಂತ ನಮ್ಮ ಸೋದರಮಾವ ಪಕ್ಕೆಗೆ ತಿವಿದರು. ಏನು ಕೇಳುವುದು? ಅಷ್ಟರಲ್ಲಿ ಕಿಟಕಿಯ ಮೇಲೆ ನಮ್ಮ ಕಾದಂಬರಿಯ ಹಳೇ ಭಾಗವೊಂದು ಕಂಡಿತು.

"ಎಲ್ಲೀವರೆಗೆ ಓದಿದ್ದೀರಿ?" ಎಂದೆ.

"ಕಲ್ಲಿನ ಕಾಲು ಬೆಚ್ಚಗಾಯ್ತು. ಅಲ್ಲಿಗೇ ನಿಂತುಹೋಗಿದೆ. ಮುಂದಿಂದು ಸಿಕ್ಕಿಲ್ಲ" ಎಂದಳು. ಆಗ ಮೊದಲ ಸಲ ತಲೆ ಎತ್ತಿದ್ದು.

"ನನ್ನ ಹತ್ರ ಇದೆ."

ನಾವು ಹೊರಟ ಮೇಲೆ ಅವರಪ್ಪ, "ಏನಮ್ಮಿ, ಹುಡ್ಗ ಒಪ್ಗೇನಾ?" ಅಂತ ಕೇಳಿದರಂತೆ. ಮಗಳು ಹೇಳಿದ್ದು ಇಷ್ಟೇ: "ಬ್ಯಾಡ ಅಂದ್ರೆ ಮುಂದೇನಾಯ್ತು ಅಂತ ಗೊತ್ತಾಗಾದು ಹೆಂಗಪ್ಪ?"

ಬಸ್ಸು ತಡವಾದದ್ದು

ಮದುವೆಯಾಯಿತು. ಮನೆಯೊಳಗೆ ಅವಳ ಬಳೆ ಸದ್ದು ಅಭ್ಯಾಸವಾಗುತ್ತಿದ್ದಂತೆ ಆಷಾಢ ಬಂದು ವಕ್ಕರಿಸಿತು. ನಮ್ಮ ಕಡೆ ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗಲೇಬೇಕು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಅತ್ತೆ ಅಳಿಯ ಮುಖ ನೋಡಬಾರದು. ಅವಳು ಗುಂಡ್ಲುಪೇಟೆಗೆ ಹೊರಟುಹೋದಳು. ಮನೆ ಬಿಕೋ ಅನ್ನತೊಡಗಿತು. ನನ್ನ ತಾಯಿ ಬಡಿಸಿದ ಮುದ್ದೆಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೊಸ ಭಾಗ ಬಂದರೆ ಮೊದಲು ಓದುವ ಹಕ್ಕು ಅವಳದು ಅಂತ ನಮ್ಮಲ್ಲಿ ಮಾತಾಗಿತ್ತು. ಹಾಗಾಗಿ ನಾನು ಪುಸ್ತಕ ತೆರೆಯದೆ, ರಟ್ಟನ್ನಷ್ಟೇ ಸವರಿ, ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆ. ಅವಳು ಓದಿ ಅದೇ ಬಸ್ಸಿಗೆ ವಾಪಸು ಹಾಕುತ್ತಿದ್ದಳು. ಹಾಳೆಗಳ ನಡುವೆ ಬಾಡಿದ ಮಲ್ಲಿಗೆ ಇರುತ್ತಿತ್ತು. ಎಷ್ಟೋ ಸಲ ಕತೆ ಓದುವುದು ಬಿಟ್ಟು ಅದನ್ನೇ ನೋಡುತ್ತಾ ಕೂತಿದ್ದೇನೆ.

ಆದರೆ ಪುಸ್ತಕ ಹೋದ ದಿನವೆಲ್ಲ ಬಸ್ಸು ತಡ. ಕಾರಣ ಆಮೇಲೆ ತಿಳಿಯಿತು. ತೆರಕಣಾಂಬಿಯಲ್ಲಿ ಟೀ ಕುಡಿಯುವಾಗ ಕಂಡಕ್ಟರು ಡ್ರೈವರಿಗೆ ಓದಿ ಹೇಳುತ್ತಿದ್ದ. ಬಸ್ಸಿನವರೆಲ್ಲ ಕಿವಿಗೊಟ್ಟು ಕೂರುತ್ತಿದ್ದರು. ಒಂದು ದಿನ ಡ್ರೈವರು ಹೊತ್ತಾಯಿತೆಂದು ಗಾಡಿ ಸ್ಟಾರ್ಟ್ ಮಾಡಿದನಂತೆ. ಕೋಳಿ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಎದ್ದು ನಿಂತು ಗದರಿದಳಂತೆ:

"ಲೋ, ಗಾಡಿ ನಿಲ್ಸ್ಲಾ! ಆ ಎಣ್ಮಗ ಹಾವಿನ ಬಾವೀಲಿ ನೇತಾಡ್ತಾವ್ಳೆ, ನಿಂಗೆ ಗುಂಡ್ಲುಪೇಟೆ ಅರ್ಜೆಂಟಾ?"

ಓದು ನಿಂತದ್ದು

ಅದರ ಮುಂದಿನ ಭಾಗ ಹೋದದ್ದು ಹೋಯಿತು, ಬರಲೇ ಇಲ್ಲ. ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದೆ. ಕಂಡಕ್ಟರು ಬರಿಗೈ ಆಡಿಸುತ್ತಿದ್ದ. ಕೊನೆಗೆ ಬಾಯಿಬಿಟ್ಟ: "ಮೇಷ್ಟ್ರೇ, ನಿಮ್ಮತ್ತೆಯವ್ರು ಓದು ನಿಲ್ಸ್‌ಬುಟ್ಟವ್ರೆ."

ಅತ್ತೆಗೆ ಓದು ಬಾರದು. ಸಂಜೆ ಮಗಳು ಓದುತ್ತಿದ್ದಳು, ಅವರು ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ಕತೆಯಲ್ಲಿ ರಾಜಕುಮಾರಿಗೆ ಕಡೆಗೂ ಗಂಡ ಇರುವ ಜಾಗ ಗೊತ್ತಾಗಿದೆ. ಅವನು ತನ್ನ ತಾಯಿಯ ಅರಮನೆಯ ನಡುಮನೆಯಲ್ಲೇ ಕಲ್ಲಾಗಿ ನಿಂತಿದ್ದಾನೆ. ಅವಳು ಓಡಿ ಬಂದು ಹೊಸಿಲು ದಾಟಲು ಕಾಲೆತ್ತಿದಳು. ಅಷ್ಟೇ, ನಮ್ಮತ್ತೆ ಮಗಳ ಕೈಯಿಂದ ಪುಸ್ತಕ ಕಿತ್ತುಕೊಂಡರಂತೆ.

"ಆಷಾಢದಲ್ಲಿ ಸೊಸೆಯಾದೋಳು ಅತ್ತೆ ಮನೆ ಹೊಸಿಲು ದಾಟಾದಾ? ಕಲ್ಲಾಗಿ ಆದ್ರೂ ನಿಂತವ್ನೆ, ಆಮೇಲೆ ಪುಡಿಯಾಗೋಯ್ತಾನೆ! ಶ್ರಾವಣ ಬರಗಂಟ ಮುಚ್ಚಮ್ಮಿ."

"ಅವ್ವಾ, ಅದು ಕತೆ ಕಣವ್ವ."

"ಕತೇಲಿರೋರ್ಗೆ ಅತ್ತೆ ಇರಾಕಿಲ್ವ?"

ಪುಸ್ತಕ ದೇವರ ಗೂಡು ಸೇರಿತು.

ಬೀದಿಯಲ್ಲಿ ನಿಂತು ಕೇಳಿದ್ದು

ಭಾನುವಾರ ತಡೆಯಲಾಗದೆ ಬಸ್ಸು ಹತ್ತಿಬಿಟ್ಟೆ. ಕಲ್ಲಿನ ರಾಜಕುಮಾರ ಏನಾದ ಅಂತ ತಿಳಿಯಬೇಕಿತ್ತು, ನಿಜ. ಅದಕ್ಕಿಂತ ನಿಜ ಅಂದರೆ ಅವಳ ಮುಖ ನೋಡಬೇಕಿತ್ತು. ಗುಂಡ್ಲುಪೇಟೆಯಲ್ಲಿ ಇಳಿದರೆ ಕಂಡಕ್ಟರೂ ಚರ್ಮದ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದೆಯೇ ಬಂದ. ಟೀ ಹೊತ್ತಿನಲ್ಲಿ ಓದಿದ್ದು ಅರ್ಧವೇ, ಮುಂದಿನ ಕತೆ ಅವನಿಗೂ ಬೇಕಿತ್ತಲ್ಲ!

ಮಾವನವರ ಮನೆ ಎದುರು ಬೀದಿಯಲ್ಲೇ ನಿಂತೆ. ಅವಳು ಬಾಗಿಲಿಗೆ ಓಡಿಬಂದಳು. ಸ್ವಲ್ಪ ಸೊರಗಿದ್ದಳು. ನೋಡಿ ಸಂಕಟವೂ ಆಯಿತು, ಸಂತೋಷವೂ ಆಯಿತು. ಅತ್ತೆ ಕದದ ಮರೆಯಿಂದಲೇ, "ಅಳೀದೇವ್ರು ಅಲ್ಲೇ ನಿಂತ್ಕಳ್ಲಿ" ಎಂದರು.

"ಅತ್ತೆ, ನಾನು ಒಳಗೆ ಬರಲ್ಲ. ರಾಜಕುಮಾರೀನೂ ಬರೋದು ಬೇಡ. ಹೊಸಿಲಾಚೆ ನಿಂತು ಗಂಡನ ಹತ್ರ ನಾಕು ಮಾತಾಡಿರ್ತಾಳಲ್ಲ, ಅಷ್ಟನ್ನ ಓದಿಸಿ."

ಒಳಗೆ ಯೋಚನೆ ನಡೆಯಿತು. "ಆಗ್ಲಿ. ನಿಮ್ಗೂ ಅದೇ, ಅವ್ಳಿಗೂ ಅದೇ. ಇಬ್ರೂ ಹೊಸಿಲು ತುಳೀಕೂಡ್ದು."

ಪುಸ್ತಕ ಗೂಡಿನಿಂದ ಇಳಿಯಿತು. ಆಷಾಢದ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದ ಹಾಳೆಯನ್ನು ಹೆಬ್ಬೆರಳಲ್ಲಿ ಒತ್ತಿಕೊಂಡು ಅವಳು ಓದತೊಡಗಿದಳು. ಅಕ್ಕಪಕ್ಕದವರೂ ಬಂದು ನಿಂತರು.

"ರಾಜಕುಮಾರಿ ಕಲ್ಲಾದ ಗಂಡನನ್ನು ನೋಡಿ ಹೇಳಿದಳು: ಪ್ರಾಣನಾಥ, ನಿಮ್ಮನ್ನು ಕಾಣದೆ ನನಗೆ ಅನ್ನ ಸೇರುತ್ತಿಲ್ಲ. ಹಗಲು ಕಳೆದರೆ ಇರುಳು ಕಳೆಯದು, ಇರುಳು ಕಳೆದರೆ ಹಗಲು ಕಳೆಯದು..."

ದನಿ ಸಣ್ಣಗಾಯಿತು. ಅವಳ ಕಣ್ಣು ಪುಸ್ತಕದ ಮೇಲಿರಲಿಲ್ಲ, ನನ್ನ ಮೇಲಿತ್ತು.

"...ಇನ್ನು ನನ್ನ ಕೈಲಾಗದು. ಶ್ರಾವಣ ಹುಟ್ಟಿದ ದಿನವೇ ಮೊದಲನೇ ಬಸ್ಸಿಗೆ ಬಂದು ನನ್ನನ್ನು ಕರಕೊಂಡು ಹೋಗಿ."

ನಾನು ಅರಿವಿಲ್ಲದೆ ಹೊಸಿಲ ಕಡೆ ಒಂದು ಹೆಜ್ಜೆ ಇಟ್ಟೆ. ಕದದ ಮರೆಯಿಂದ ಅತ್ತೆಯ ದನಿ ಬಂತು:

"ಏನಮ್ಮಿ, ಹಾರೋ ಕುದ್ರೆ ಇರೋ ರಾಜ್ಯದಲ್ಲಿ ಬಸ್ಸು ಯಾವಾಗ ಬುಟ್ರು?"

ಅವಳು ಪುಸ್ತಕವನ್ನು ಮುಖಕ್ಕೆ ಒತ್ತಿಕೊಂಡುಬಿಟ್ಟಳು. ಬೀದಿಗೆ ಬೀದಿಯೇ ನಕ್ಕಿತು. ನಾನು ನೆಲ ನೋಡುತ್ತಾ ನಿಂತಿದ್ದೆ. ಕಂಡಕ್ಟರು ಮಾತ್ರ ನಗದೆ ಚೀಲ ಸರಿಮಾಡಿಕೊಂಡು ಮುಂದೆ ಬಂದ.

"ಬುಟ್ಟಿವ್ನಿ ಕಣವ್ವ. ಮುಂದ್ಗಡೆ ಎರಡು ಸೀಟೂ ಇಟ್ಟಿರ್ತೀನಿ."